ಮೂಗಿಗೆ ಹಾಕುವ ನ್ಯಾನೋ ಕಣದ ಫ್ಲೂ ಲಸಿಕೆ: ಇಲಿಗಳಲ್ಲಿ ಗೆದ್ದಿದ್ದು ಮನುಷ್ಯರ ತನಕ ಯಾಕೆ ಬರುತ್ತಿಲ್ಲ?

ತುಂಗೆದಂಡೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಔಷಧ ತಯಾರಿಕೆಯ ಕೆಲಸದಲ್ಲಿದ್ದೇನೆ, ಮೂಗಿನ ಸ್ಪ್ರೇಗಳ ಫಾರ್ಮುಲೇಶನ್ ನನ್ನ ವಿಷಯ. ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂತ ಯಾರಿಗೆ ಹೇಳಿದರೂ ಬರುವ ಮಾತು ಒಂದೇ: "ಹೋದ ವರ್ಷ ಹಾಕಿಸಿಕೊಂಡಿದ್ದೆ, ಆದರೂ ಜ್ವರ ಬಂತಲ್ಲ?" ಇದು ನ್ಯಾಯವಾದ ಪ್ರಶ್ನೆ. ಉತ್ತರದಲ್ಲಿ ಎರಡು ಭಾಗ ಇದೆ.

ಒಂದು, ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಮುಂದಿನ ಸೀಸನ್‌ಗೆ ಯಾವ ತಳಿ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಅಂದಾಜು ಮಾಡುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ. ಅಂದಾಜು ಸರಿ ಹೋದ ವರ್ಷ ಲಸಿಕೆ 40ರಿಂದ 60 ಶೇಕಡಾ ಕೆಲಸ ಮಾಡುತ್ತದೆ. ತಪ್ಪಿದರೆ ಕಷ್ಟ. 2014-15ರಲ್ಲಿ ಅಮೆರಿಕದಲ್ಲಿ ಎಚ್3ಎನ್2 ಅನ್ನುವ ಫ್ಲೂ ತಳಿ ಬದಲಾಗಿಬಿಟ್ಟಿತು, ಆ ವರ್ಷ ಲಸಿಕೆಯ ಪರಿಣಾಮ ಸುಮಾರು 19 ಶೇಕಡಾಕ್ಕೆ ಇಳಿದಿತ್ತು.

ಎರಡನೆಯದರ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ವೈರಸ್ ಒಳಗೆ ಬರುವುದು ಮೂಗಿನಿಂದ. ನಾವು ಚುಚ್ಚುವುದು ತೋಳಿಗೆ. ತೋಳಿಗೆ ಚುಚ್ಚಿದಾಗ ರಕ್ತದಲ್ಲಿ ಐಜಿಜಿ ಪ್ರತಿಕಾಯ ಚೆನ್ನಾಗಿ ಬರುತ್ತದೆ, ಶ್ವಾಸಕೋಶಕ್ಕೂ ಒಂದಷ್ಟು ತಲುಪುತ್ತದೆ, ಹಾಗಾಗಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರುವುದು ಕಮ್ಮಿ ಆಗುತ್ತದೆ. ಆದರೆ ಮೂಗಿನ ಲೋಳೆಯಲ್ಲಿ ನಿಂತು ವೈರಸ್ಸನ್ನು ಅಲ್ಲೇ ಹಿಡಿಯುವ ಐಜಿಎ ಅನ್ನುವ ಬೇರೆ ಪ್ರತಿಕಾಯ ಇದೆಯಲ್ಲ, ಅದು ಇಂಜೆಕ್ಷನ್ನಿಂದ ಹೆಚ್ಚು ಹುಟ್ಟುವುದಿಲ್ಲ.

ನ್ಯಾನೋ ಕಣದ, ಅಂದರೆ ವೈರಸ್ಸಿನಷ್ಟೇ ಸಣ್ಣ ಕಣದ ಮೇಲೆ ವೈರಸ್ಸಿನ ಬದಲಾಗದ ಭಾಗಗಳನ್ನು ಕೂರಿಸಿ ಮೂಗಿಗೆ ಹಾಕಿದರೆ ಈ ಎರಡಕ್ಕೂ ಒಟ್ಟಿಗೆ ಮದ್ದು ಸಿಗಬಹುದು. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾವೋ-ಜಾಂಗ್ ವಾಂಗ್ ಅವರ ತಂಡ ವರ್ಷಗಳಿಂದ ಇದನ್ನೇ ಮಾಡುತ್ತಿದೆ. ಗ್ರಾಫೀನ್ ಆಕ್ಸೈಡ್ ಅನ್ನುವ ಇಂಗಾಲದ ಅತಿ ತೆಳು ಹಾಳೆಗಳಿಗೆ ಪಿಇಐ ಅನ್ನುವ ಪಾಲಿಮರ್ ಹಚ್ಚಿ, ಅದರ ಮೇಲೆ ಫ್ಲೂ ಪ್ರೋಟೀನು ಕೂರಿಸಿ ಇಲಿಗಳ ಮೂಗಿಗೆ ಹಾಕಿದ ಅವರ ಕೆಲಸ 2021ರಲ್ಲಿ ಪ್ರಕಟವಾಯಿತು. ಅದೇ ತಳಿಯಿಂದ ಮಾತ್ರ ಅಲ್ಲ, ಬೇರೆ ತಳಿಯ ವೈರಸ್ಸಿನಿಂದಲೂ ಇಲಿಗಳಿಗೆ ರಕ್ಷಣೆ ಸಿಕ್ಕಿತ್ತು.

ಹಾಗಾದರೆ ಮನುಷ್ಯರಿಗೆ ಯಾಕೆ ಬಂದಿಲ್ಲ? ನನ್ನ ನಂಬಿಕೆ ಮೊದಲೇ ಹೇಳಿಬಿಡುತ್ತೇನೆ. ಕಣ ತಯಾರಿಸುವುದು ಈಗ ದೊಡ್ಡ ತೊಡಕಲ್ಲ. ತೊಡಕು ಇರುವುದು ಮೂಗಿನಲ್ಲಿ. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಹಾಸನದ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. 2023ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಎಚ್3ಎನ್2ನಿಂದ ಹಿರಿಯರೊಬ್ಬರು ತೀರಿಕೊಂಡಾಗ ಊರಲ್ಲೆಲ್ಲ ಒಂಥರಾ ಭಯ ಇತ್ತು. ಅಲ್ಲಿಯವರೆಗೆ ಫ್ಲೂ ಅಂದರೆ ಕಷಾಯ ಕುಡಿದು ಮಲಗಿದರೆ ಹೋಗುತ್ತೆ ಅನ್ನುವ ಲೆಕ್ಕ.

ನನಗೆ ವಿಜ್ಞಾನದ ಹಿನ್ನೆಲೆ ಇದೆ, ಆದರೆ ಈ ಕ್ಷೇತ್ರದ್ದಲ್ಲ. ಎರಡು ವಿಷಯ ಬಿಡಿಸಿ ಹೇಳಿ. ವೈರಸ್ಸಿನ ಬದಲಾಗದ ಭಾಗ ಅಂದರೆ ಯಾವುದು? ಅದು ಗೊತ್ತಿದ್ದರೆ ಇಷ್ಟು ವರ್ಷ ಅದನ್ನೇ ಯಾಕೆ ಲಸಿಕೆ ಮಾಡಲಿಲ್ಲ? ಮತ್ತೆ ಈ ನ್ಯಾನೋ ಕಣ ಮೂಗಿಂದ ನೇರ ಮೆದುಳಿಗೆ ಹೋಗುವುದಿಲ್ಲವೇ? ಶಾಲೆಯಲ್ಲಿ ಪೋಷಕರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ತುಂಗೆದಂಡೆ

ಮೇಷ್ಟ್ರೇ, ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಫ್ಲೂ ವೈರಸ್ಸಿನ ಮೈಮೇಲೆ ಹೀಮಗ್ಲುಟಿನಿನ್ ಅನ್ನುವ ಪ್ರೋಟೀನು ಇರುತ್ತದೆ. ಎಚ್1, ಎಚ್3, ಎಚ್5 ಅಂತ ಕರೆಯುವಾಗ ಬರುವ ಎಚ್ ಅದೇ. ಆಕಾರದಲ್ಲಿ ಅಣಬೆಯ ಹಾಗೆ, ಮೇಲೆ ತಲೆ, ಕೆಳಗೆ ಕಾಂಡ. ನಮ್ಮ ದೇಹದ ಕಣ್ಣಿಗೆ ಮೊದಲು ಬೀಳುವುದು ತಲೆ, ಪ್ರತಿಕಾಯಗಳಲ್ಲಿ ಹೆಚ್ಚಿನವು ಅದಕ್ಕೇ ಅಂಟುತ್ತವೆ. ವೈರಸ್ ಸುಲಭವಾಗಿ ಬದಲಿಸಿಕೊಳ್ಳುವುದೂ ಅದನ್ನೇ. ಕಾಂಡ ಹಾಗಲ್ಲ. ವೈರಸ್ ಜೀವಕೋಶದ ಒಳಗೆ ನುಗ್ಗಬೇಕಾದರೆ ಕಾಂಡ ಮಡಚಿ ತೆರೆದುಕೊಳ್ಳಬೇಕು, ಅಲ್ಲಿ ಹೆಚ್ಚು ಬದಲಾದರೆ ವೈರಸ್ಸೇ ಕೆಡುತ್ತದೆ. ಇನ್ನೊಂದು ಎಂ2 ಅನ್ನುವ ಪ್ರೋಟೀನು. ಅದರ ಹೊರಗೆ ಚಾಚಿಕೊಂಡ ತುಣುಕಿಗೆ ಎಂ2ಇ ಅನ್ನುತ್ತಾರೆ. ಇಪ್ಪತ್ಮೂರು ಇಪ್ಪತ್ನಾಲ್ಕು ಅಮೈನೋ ಆಮ್ಲದಷ್ಟು ಪುಟ್ಟದು, ಮನುಷ್ಯರ ಫ್ಲೂ ಎ ತಳಿಗಳಲ್ಲಿ ಬಹುಮಟ್ಟಿಗೆ ಒಂದೇ ಥರ.

ಇಷ್ಟು ವರ್ಷ ಯಾಕೆ ಮಾಡಲಿಲ್ಲ ಅಂದರೆ, ಇವನ್ನು ಸುಮ್ನೆ ಬಿಡಿಬಿಡಿಯಾಗಿ ಕೊಟ್ಟರೆ ದೇಹ ಗಮನಿಸುವುದೇ ಇಲ್ಲ. ಎಂ2ಇ ತೀರಾ ಚಿಕ್ಕದು. ಕಾಂಡವನ್ನು ತಲೆಯಿಂದ ಕತ್ತರಿಸಿದರೆ ಅದರ ಆಕಾರವೇ ಹಾಳಾಗುತ್ತದೆ. ನ್ಯಾನೋ ಕಣ ಬೇಕಾಗುವುದು ಇಲ್ಲೇ. ಒಂದು ಕಣದ ಮೇಲೆ ಒಂದೇ ತುಣುಕನ್ನು ಹತ್ತಾರು ಸಲ, ಒತ್ತೊತ್ತಾಗಿ, ಸಾಲಾಗಿ ಕೂರಿಸಿದರೆ ಪ್ರತಿಕಾಯ ತಯಾರಿಸುವ ಬಿ ಕೋಶಕ್ಕೆ ಅದು ವೈರಸ್ಸಿನ ಮೈಯಂತೆಯೇ ಕಾಣುತ್ತದೆ. ಗಾತ್ರ ಕೂಡ ಹಾಗೇ, ವೈರಸ್ 80ರಿಂದ 120 ನ್ಯಾನೊಮೀಟರ್, ಇಂಥ ಕಣಗಳು ಸಾಮಾನ್ಯವಾಗಿ 20ರಿಂದ 200.

ಕಣ ಯಾವುದರಿಂದ ಮಾಡುತ್ತಾರೆ ಅನ್ನುವುದು ತಂಡದಿಂದ ತಂಡಕ್ಕೆ ಬೇರೆ. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿದ್ದಾಗ ಹರ್ವಿಂದರ್ ಗಿಲ್ ಅವರ ತಂಡ ಚಿನ್ನದ ನ್ಯಾನೋ ಕಣಕ್ಕೆ ಎಂ2ಇ ಅಂಟಿಸಿ, ಜೊತೆಗೆ ಸಿಪಿಜಿ ಅನ್ನುವ ಪ್ರಚೋದಕ (ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ವಸ್ತು) ಸೇರಿಸಿ ಇಲಿಗಳ ಮೂಗಿಗೆ ಹಾಕಿತ್ತು. ವಾಂಗ್ ಅವರ ತಂಡ ಇನ್ನೊಂದು ದಾರಿಯಲ್ಲಿ ಪ್ರೋಟೀನನ್ನೇ ಕಣವಾಗಿ ಒಟ್ಟುಗೂಡಿಸಿ, ಅದರ ಮೇಲೆ ಇನ್ನೊಂದು ಪ್ರೋಟೀನಿನ ಪದರ ಕಟ್ಟುತ್ತದೆ. ಒಳಗೂ ಲಸಿಕೆ, ಹೊರಗೂ ಲಸಿಕೆ, ಬೇಡದ ಸಾಮಾನು ಕಮ್ಮಿ. ನನಗೆ ವೈಯಕ್ತಿಕವಾಗಿ ಬಹಳ ಇಷ್ಟವಾದ ಯೋಚನೆ ಅದು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರ ಫೆರಿಟಿನ್ ಕಣ ಇನ್ನೂ ಹೆಸರುವಾಸಿ. ಕಬ್ಬಿಣ ಕೂಡಿಡುವ ಪ್ರೋಟೀನು ಅದು, 24 ತುಣುಕು ತಾವಾಗಿಯೇ ಸೇರಿ ಗೋಳ ಆಗುತ್ತವೆ, ಮೇಲೆ ಎಂಟು ಹೀಮಗ್ಲುಟಿನಿನ್ ಮೊಳೆ ಎದ್ದು ನಿಲ್ಲುತ್ತವೆ. 2013ರಲ್ಲಿ ಪ್ರಕಟವಾಗಿ ಆಮೇಲೆ ಮನುಷ್ಯರ ಟ್ರಯಲ್‌ಗೂ ಹೋಯಿತು. ಆದರೆ ಗಮನಿಸಿ, ಟ್ರಯಲ್‌ನಲ್ಲಿ ಕೊಟ್ಟಿದ್ದು ಇಂಜೆಕ್ಷನ್ನಾಗಿ.

ಮೆದುಳಿನ ಪ್ರಶ್ನೆ ನಿಜವಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳು ತೂತುತೂತಾದ ಒಂದು ತೆಳು ಮೂಳೆ ದಾಟಿ ನೇರವಾಗಿ ಮೆದುಳಿಗೆ ಹೋಗುತ್ತವೆ. ಹಾಗಾಗಿ ಮೂಗಿನ ಯಾವ ಲಸಿಕೆಯೇ ಆಗಲಿ, ಕಣ ದೇಹದಲ್ಲಿ ಎಲ್ಲೆಲ್ಲಿ ಹೋಗಿ ಕೂತಿತು ಅಂತ ಪ್ರಾಣಿಗಳಲ್ಲಿ ತೋರಿಸದೆ ಮುಂದೆ ಹೋಗುವಂತಿಲ್ಲ. ಚಿನ್ನ, ಗ್ರಾಫೀನ್ ಥರದ ಕರಗದ ವಸ್ತುವಿನ ಬಗ್ಗೆ ನನಗೂ ಹಿಂಜರಿಕೆ ಇದೆ.

ಮಕ್ಕಳಡಾಕ್ಟ್ರು ದಾವಣಗೆರೆ

ತಲೆಬರಹದಲ್ಲಿ ಒಂದು ತಿದ್ದುಪಡಿ. "ಮನುಷ್ಯರ ತನಕ ಬಂದಿಲ್ಲ" ಅನ್ನುವುದು ಪೂರ್ತಿ ಸರಿಯಲ್ಲ. ಬಂದಿತ್ತು, ಅಂಗಡಿಯಲ್ಲಿ ಮಾರಾಟವೂ ಆಗಿತ್ತು. ಯಾಕೆ ಹೋಯಿತು ಅನ್ನುವುದನ್ನು ಎಲ್ಲರೂ ತಿಳಿದುಕೊಳ್ಳಬೇಕು.

ಸ್ವಿಟ್ಜರ್ಲೆಂಡಿನ ಬರ್ನಾ ಬಯೋಟೆಕ್ ಕಂಪನಿ 2000ದಲ್ಲಿ ನೇಸಲ್‌ಫ್ಲೂ ಅನ್ನುವ ಲಸಿಕೆ ತಂದಿತು. ವೈರೋಸೋಮ್ ಅಂದರೆ ಕೊಬ್ಬಿನ ಪುಟ್ಟ ಗುಳ್ಳೆ, ಅದರ ಮೇಲೆ ಫ್ಲೂ ಪ್ರೋಟೀನು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಪಕ್ಕಾ ನ್ಯಾನೋ ಕಣ. ಮೂಗಿನಲ್ಲಿ ಬರೀ ಪ್ರೋಟೀನು ಹಾಕಿದರೆ ದೇಹ ಏಳುವುದಿಲ್ಲ ಅಂತ ಇ. ಕೋಲೈ ಬ್ಯಾಕ್ಟೀರಿಯಾದ ಎಲ್‌ಟಿ ಅನ್ನುವ ವಿಷವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಪ್ರಚೋದಕವಾಗಿ ಸೇರಿಸಿದ್ದರು. ಒಂದೇ ಸೀಸನ್ ಮುಗಿಯುವಷ್ಟರಲ್ಲಿ ಬೆಲ್ಸ್ ಪಾಲ್ಸಿ, ಅಂದರೆ ಮುಖದ ಒಂದು ಬದಿ ಸೋತು ಬಾಯಿ ಸೊಟ್ಟ ಆಗುವುದು, ಅಂಥ ಕೇಸುಗಳು ಬರತೊಡಗಿದವು. ಲಸಿಕೆ ನಿಲ್ಲಿಸಿದರು. 2004ರಲ್ಲಿ ಪೂರ್ತಿ ವಿಶ್ಲೇಷಣೆ ಬಂತು. ಲಸಿಕೆ ಹಾಕಿಸಿಕೊಂಡ ಪ್ರತಿ 10,000 ಜನರಲ್ಲಿ 13 ಹೆಚ್ಚುವರಿ ಕೇಸು, ಅಪಾಯ ಸುಮಾರು 19 ಪಟ್ಟು.

ಆ 13ರ ಮೇಲೆ ಸ್ವಲ್ಪ ಯೋಚನೆ ಮಾಡಿ. 10,000ಕ್ಕೆ 13 ಅಂದರೆ ಸುಮಾರು 770 ಜನರಿಗೆ ಒಬ್ಬರು. ಕೆಲವು ನೂರು ಜನರ ಟ್ರಯಲ್‌ನಲ್ಲಿ ಒಂದೂ ಕೇಸು ಕಾಣದೇ ಇರಬಹುದು, ಒಂದು ಬಂದರೂ ಕಾಕತಾಳೀಯ ಅನಿಸಬಹುದು. ಮೇಲಾಗಿ ಇದು ಮರುದಿನವೇ ಬರುವ ತೊಂದರೆ ಅಲ್ಲ, ಮೂರು ತಿಂಗಳವರೆಗೂ ಕಾಣಿಸಿಕೊಂಡಿತ್ತು. ಆಮೇಲೆ ಆ ವಿಷದ ಹಲ್ಲು ಕಿತ್ತ ರೂಪ ಎಲ್‌ಟಿಕೆ63 ಅಂತ ಮಾಡಿ ಬೇರೆ ಕಾಯಿಲೆಯ ಮೂಗಿನ ಲಸಿಕೆಗಳಲ್ಲಿ ಹಾಕಿದರು. ಅಲ್ಲೂ ಇಬ್ಬರಿಗೆ ಮುಖ ಸೋತಿತು.

ಈಗಿನ ನಿಧಾನಕ್ಕೆ ಇದು ದೊಡ್ಡ ಕಾರಣ. ಆರೋಗ್ಯವಾಗಿರುವ ಮಗುವಿಗೆ ಕೊಡುವ ವಸ್ತು ಇದು. ನನ್ನ ಮುಂದೆ ಕೂತ ತಾಯಿಗೆ "ಇಲಿಗೆ ಏನೂ ಆಗಲಿಲ್ಲ" ಅಂತ ಹೇಳಿ ಹಾಕಲು ಆಗುವುದಿಲ್ಲ.

ರೂಪಾ ಎಸ್

ಡಾಕ್ಟ್ರೇ, ಓದಿ ಸ್ವಲ್ಪ ಗಾಬರಿ ಆಯಿತು. ಹಾಗಾದರೆ ಈಗ ಮೂಗಿಗೆ ಹಾಕುವ ಯಾವ ಫ್ಲೂ ಲಸಿಕೆಯೂ ಇಲ್ಲವೇ? ಇಂಗ್ಲೆಂಡಿನಲ್ಲಿರುವ ನಮ್ಮ ಅಕ್ಕನ ಮಗಳಿಗೆ ಶಾಲೆಯಲ್ಲೇ ಮೂಗಿಗೆ ಹಾಕಿದರು ಅಂತಿದ್ದರು. ನನ್ನ ಮಗನಿಗೆ ಆರು ವರ್ಷ, ಉಬ್ಬಸ ಇದೆ, ಇನ್ಹೇಲರ್ ಮೇಲಿದ್ದಾನೆ. ಸೂಜಿ ಕಂಡರೆ ಆಸ್ಪತ್ರೆ ಬಾಗಿಲಲ್ಲೇ ಅಳು ಶುರು.

ಮಕ್ಕಳಡಾಕ್ಟ್ರು ದಾವಣಗೆರೆ

ಗಾಬರಿ ಬೇಡಮ್ಮ. ನಿಮ್ಮ ಅಕ್ಕನ ಮಗಳಿಗೆ ಹಾಕಿದ್ದು ಬೇರೆ ಜಾತಿಯ ಲಸಿಕೆ. ಅದು ದುರ್ಬಲಗೊಳಿಸಿದ ಜೀವಂತ ವೈರಸ್. ಮೂಗಿನ ತಂಪಿನಲ್ಲಿ ಬೆಳೆಯುತ್ತದೆ, ಶ್ವಾಸಕೋಶದ ಬಿಸಿಯಲ್ಲಿ ಬೆಳೆಯುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾಸಾಬ್ ಅನ್ನುವವರು ದಶಕಗಳ ಕಾಲ ಬೆಳೆಸಿದ ತಳಿ ಅದು. ಅಮೆರಿಕದಲ್ಲಿ 2003ರಲ್ಲಿ ಫ್ಲೂಮಿಸ್ಟ್ ಅಂತ ಒಪ್ಪಿಗೆ ಸಿಕ್ಕಿತು, ಬ್ರಿಟನ್ನಿನಲ್ಲಿ 2013ರಿಂದ ಮಕ್ಕಳಿಗೆ ಕೊಡುತ್ತಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ಹಾಕಿಕೊಳ್ಳಲೂ ಒಪ್ಪಿಗೆ ಕೊಟ್ಟರು. ನಮ್ಮಲ್ಲೂ 2010ರಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ನಾಸೋವ್ಯಾಕ್ ತಂದಿತ್ತು, ಅದು ರಷ್ಯಾದ ಲೆನಿನ್‌ಗ್ರಾಡ್ ತಳಿಯಿಂದ ಮಾಡಿದ್ದು. ಕೋಟಿಗಟ್ಟಲೆ ಮಕ್ಕಳಿಗೆ ಮೂಗಿನ ಲಸಿಕೆ ಹಾಕಿದ ಅನುಭವ ಜಗತ್ತಿಗಿದೆ. ಮೂಗೇ ಅಪಾಯ ಅಂತಲ್ಲ, ಜೊತೆಗೆ ಏನು ಹಾಕುತ್ತೇವೆ ಅನ್ನುವುದು ಮುಖ್ಯ.

ಆದರೆ ನಿಮ್ಮ ಮಗನ ವಿಷಯಕ್ಕೆ ಬಂದರೆ, ಉಬ್ಬಸ ಇರುವ ಮಗುವಿಗೆ ಜೀವಂತ ವೈರಸ್ಸಿನ ಸ್ಪ್ರೇ ನಾನು ಬರೆದುಕೊಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಉಬ್ಬಸ ಹೆಚ್ಚಾಗಿದ್ದಕ್ಕೇ ಅವರಿಗೆ ಅದನ್ನು ಕೊಡುವುದಿಲ್ಲ. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೂ ಇಲ್ಲ. ಅವನಿಗೆ ತೋಳಿನ ಇಂಜೆಕ್ಷನ್ನೇ ಸರಿ, ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ಮೊದಲ ಸಲ ಹಾಕಿಸುವುದಾದರೆ ಒಂಬತ್ತು ವರ್ಷದೊಳಗಿನವರಿಗೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಏರುತ್ತದೆ, ಹಾಗಾಗಿ ಏಪ್ರಿಲ್ ಮೇ ಒಳ್ಳೆಯ ಸಮಯ. ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ.

ನ್ಯಾನೋ ಕಣದ ಲಸಿಕೆಯ ಬಗ್ಗೆ ನನಗೆ ಆಸೆ ಇರುವುದೇ ಇಂಥ ಮಕ್ಕಳಿಗಾಗಿ. ಅದರಲ್ಲಿ ಬೆಳೆಯುವಂಥದ್ದು ಏನೂ ಇರುವುದಿಲ್ಲ.

ಅಟ್ಲಾಂಟಾದಿಂದ ಅಣ್ಣಪ್ಪ

ಬೆಳಗಿನ ನಮಸ್ಕಾರ, ಇಲ್ಲಿ ರಾತ್ರಿ. ಇಮ್ಯುನಾಲಜಿಯಲ್ಲಿ ಪೋಸ್ಟ್‌ಡಾಕ್, ಫ್ಲೂ ನನ್ನ ನೇರ ವಿಷಯ ಅಲ್ಲ, ಆದರೆ ಇಲಿಗಳ ಮೂಗಿಗೆ ಹಾಕುವ ಕೆಲಸ ಚೆನ್ನಾಗಿ ಗೊತ್ತು.

ಡಾಕ್ಟ್ರು ಹೇಳಿದ ಸುರಕ್ಷತೆಯ ಮಾತಿಗಿಂತ ಮೊದಲೇ ಒಂದು ಸಮಸ್ಯೆ ಇದೆ. ಇಲಿಯನ್ನು ಅರಿವಳಿಕೆ ಕೊಟ್ಟು ಮಲಗಿಸುತ್ತೇವೆ. ಮೂಗಿನ ತುದಿಗೆ ಪಿಪೆಟ್‌ನಲ್ಲಿ 30, 40, ಕೆಲವು ಸಲ 50 ಮೈಕ್ರೊಲೀಟರ್ ಹನಿ ಬಿಡುತ್ತೇವೆ. 20 ಗ್ರಾಮಿನ ಪ್ರಾಣಿಗೆ ಅದು ಬಹಳ ಜಾಸ್ತಿ. ಪ್ರಜ್ಞೆ ಇಲ್ಲದ್ದರಿಂದ ಸೀನುವುದಿಲ್ಲ, ನುಂಗುವುದಿಲ್ಲ, ಅದರ ದೊಡ್ಡ ಪಾಲು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿ ನೆಲೆಸಿ ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಟಿ ಕೋಶಗಳು ಏಳುತ್ತವೆ, ಇಲಿ ಬದುಕುತ್ತದೆ, ನಾವು "ಮೂಗಿನ ಲಸಿಕೆ" ಅಂತ ಬರೆಯುತ್ತೇವೆ. ಮನುಷ್ಯನಿಗೆ ಹೊಳ್ಳೆಗೆ 0.1 ಮಿಲಿಲೀಟರ್ ಸ್ಪ್ರೇ. ಅದು ಮೂಗಿನಲ್ಲೇ ಉಳಿಯಬೇಕು ಅಂತಲೇ ಹನಿಯ ಗಾತ್ರ ದೊಡ್ಡದಿಡುತ್ತಾರೆ. ಅಂದರೆ ನಾವು ಇಲಿಯಲ್ಲಿ ಪರೀಕ್ಷೆ ಮಾಡಿದ್ದೇ ಬೇರೆ, ಮನುಷ್ಯನಿಗೆ ಕೊಡುವುದೇ ಬೇರೆ.

ಇದನ್ನು ಸರಿ ಮಾಡಲು ದಾರಿ ಇದೆ. ಅರಿವಳಿಕೆ ಇಲ್ಲದೆ ಐದು ಹತ್ತು ಮೈಕ್ರೊಲೀಟರ್ ಮಾತ್ರ ಹಾಕಬಹುದು. ಫಲಿತಾಂಶ ಆಗ ಅಷ್ಟು ಚಂದ ಬರುವುದಿಲ್ಲ, ಹಾಗಾಗಿ ಹೆಚ್ಚು ಜನ ಮಾಡುವುದಿಲ್ಲ. ಇನ್ನೊಂದು, ಫೆರೆಟ್. ಮುಂಗುಸಿಯಷ್ಟು ದೊಡ್ಡ ಪ್ರಾಣಿ, ಅದಕ್ಕೆ ಮನುಷ್ಯನ ಫ್ಲೂ ಹಾಗೇ ತಗಲುತ್ತದೆ, ಸೀನುತ್ತದೆ, ಪಕ್ಕದ ಪಂಜರದ ಫೆರೆಟ್‌ಗೆ ಹರಡುತ್ತದೆ. 1933ರಲ್ಲಿ ಲಂಡನ್ನಿನಲ್ಲಿ ಮನುಷ್ಯನ ಫ್ಲೂ ವೈರಸ್ಸನ್ನು ಮೊದಲು ಹಿಡಿದಿದ್ದೇ ಫೆರೆಟ್‌ಗಳ ಸಹಾಯದಿಂದ. ಮೂಗಿನ ಲಸಿಕೆಯ ಇಡೀ ಆಸೆ ಇರುವುದು ಹರಡುವಿಕೆ ನಿಲ್ಲಿಸುವುದರಲ್ಲಿ. ಅದನ್ನು ಇಲಿಯಲ್ಲಿ ನೋಡುವುದೇ ಕಷ್ಟ, ಇಲಿಯಿಂದ ಇಲಿಗೆ ಫ್ಲೂ ಸರಿಯಾಗಿ ಹರಡುವುದಿಲ್ಲ. ಒಂದು ತಂಡ ಫೆರೆಟ್‌ನಲ್ಲಿ ಹರಡುವಿಕೆ ನಿಲ್ಲುವುದನ್ನು ತೋರಿಸುವವರೆಗೆ ನಾನು ಉತ್ಸಾಹ ತಡೆದಿಟ್ಟುಕೊಳ್ಳುತ್ತೇನೆ.

ಮತ್ತೆ ತುಂಗೆದಂಡೆಯವರೇ, ಪಿಇಐ ಬಗ್ಗೆ ನೀವು ಮೃದುವಾಗಿ ಮಾತಾಡಿದಿರಿ. ಬಹಳ ಧನಾವೇಶ ಇರುವ ಪಾಲಿಮರ್ ಅದು. ಜೀವಕೋಶದ ಪೊರೆ ಒಡೆಯುತ್ತದೆ, ಲ್ಯಾಬಿನಲ್ಲಿ ಡಿಎನ್ಎ ಒಳಗೆ ತೂರಿಸಲು ಬಳಸುವವರಿಗೆಲ್ಲ ಅದರ ವಿಷ ಗೊತ್ತು.

ತುಂಗೆದಂಡೆ

ಅಣ್ಣಪ್ಪನವರೇ, ಇಲಿಯ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಪಿಇಐ ವಿಷಯದಲ್ಲಿ ಅರ್ಧ. ಅಣುವಿನ ತೂಕ, ಪ್ರಮಾಣ, ಅದನ್ನು ಯಾವುದಕ್ಕೆ ಕಟ್ಟಿದ್ದಾರೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಬಿಡಿ ಪಿಇಐ ಬೇರೆ, ಪ್ರೋಟೀನಿನ ಜೊತೆ ಆವೇಶ ಸರಿದೂಗಿ ಕೂತ ಪಿಇಐ ಬೇರೆ. ಆದರೂ ಮಗುವಿನ ಮೂಗಿಗೆ ಅದನ್ನೇ ಆರಿಸುತ್ತೀರಾ ಅಂದರೆ, ನಾನು ಕೈಟೊಸಾನ್ (ಸೀಗಡಿ ಚಿಪ್ಪಿನಿಂದ ತೆಗೆಯುವ ಪಾಲಿಮರ್) ಅಥವಾ ಕೊಬ್ಬಿನ ಕಣದ ಕಡೆ ಹೋಗುತ್ತೇನೆ.

ಧನಾವೇಶ ಯಾಕೆ ಬೇಕು ಅಂತ ಮೇಷ್ಟ್ರಿಗಾಗಿ ಬರೆಯುತ್ತೇನೆ, ಮೂಗು ಎಷ್ಟು ಕಷ್ಟದ ಜಾಗ ಅಂತ ಇದರಲ್ಲೇ ಗೊತ್ತಾಗುತ್ತದೆ. ಮೂಗಿನ ಒಳಗೋಡೆಯ ಮೇಲೆ ಸಣ್ಣ ರೋಮಗಳು ಸದಾ ಬಡಿಯುತ್ತಾ ಲೋಳೆಯನ್ನು ಗಂಟಲ ಕಡೆ ತಳ್ಳುತ್ತಿರುತ್ತವೆ. ನೀವು ಹಾಕಿದ ದ್ರವದ ಅರ್ಧ ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೊಟ್ಟೆ ಸೇರಿರುತ್ತದೆ. ಅಷ್ಟರೊಳಗೆ ಕಣ ಲೋಳೆ ದಾಟಿ ಜೀವಕೋಶ ಮುಟ್ಟಬೇಕು. ಲೋಳೆಗೆ ಋಣಾವೇಶ, ಹಾಗಾಗಿ ಧನಾವೇಶದ ಕಣ ಅಂಟಿಕೊಳ್ಳುತ್ತದೆ, ಸಮಯ ಸಿಗುತ್ತದೆ. ಆದರೆ ಜಾಸ್ತಿ ಅಂಟಿದರೆ ಅಲ್ಲೇ ಸಿಕ್ಕಿಹಾಕಿಕೊಂಡು ಸಿಂಬಳದ ಜೊತೆ ಹೋಗುತ್ತದೆ, ಒಳಗೆ ಇಳಿಯುವುದೇ ಇಲ್ಲ. ಜಾರಲಿ ಅಂತ ಪಿಇಜಿ ಅನ್ನುವ ಇನ್ನೊಂದು ಪಾಲಿಮರಿನ ಲೇಪನ ಕೊಟ್ಟರೆ ಲೋಳೆ ದಾಟುತ್ತದೆ, ಆದರೆ ಜೀವಕೋಶಕ್ಕೂ ಸರಿಯಾಗಿ ಅಂಟುವುದಿಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ಈ ಎರಡರ ನಡುವೆ ತೂಗಾಡುವುದೇ. ಇನ್ನು ನೆಗಡಿ ಆಗಿರುವ ಮಗು, ಧೂಳಿನ ಅಲರ್ಜಿ ಇರುವವರು, ನಶ್ಯ ಹಾಕುವವರು, ಪ್ರತಿಯೊಬ್ಬರ ಮೂಗೂ ಬೇರೆ. ಇಂಜೆಕ್ಷನ್ನಿಗೆ ಈ ತಾಪತ್ರಯ ಇಲ್ಲ. ಅರ್ಧ ಮಿಲಿ ಚುಚ್ಚಿದರೆ ಅರ್ಧ ಮಿಲಿ ಒಳಗೆ.

ಫ್ಯಾಕ್ಟರಿಯ ಕಷ್ಟ ಬೇರೆಯೇ. 200 ನ್ಯಾನೊಮೀಟರ್ ದಾಟಿದ ಕಣವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಶುದ್ಧ ಮಾಡಲು ಆಗುವುದಿಲ್ಲ, ಮೊದಲಿಂದ ಕೊನೆಯವರೆಗೆ ಇಡೀ ತಯಾರಿಕೆಯನ್ನೇ ರೋಗಾಣು ಇಲ್ಲದಂತೆ ನಡೆಸಬೇಕು, ಖರ್ಚು ಏರುತ್ತದೆ. ಸ್ಪ್ರೇ ಪಂಪಿನ ಸಣ್ಣ ತೂತಿನಿಂದ ರಭಸವಾಗಿ ಹೊರಬರುವಾಗ ಕೆಲವು ಕಣ ಒಡೆಯುತ್ತವೆ, ಕೆಲವು ಗಂಟು ಕಟ್ಟುತ್ತವೆ. ಫ್ರಿಜ್ ಇಲ್ಲದೆ ಉಳಿಯಲಿ ಅಂತ ಒಣಗಿಸಿ ಪುಡಿ ಮಾಡಿದರೆ ಮತ್ತೆ ನೀರಿಗೆ ಹಾಕಿದಾಗ ಹಳೆಯ ಗಾತ್ರಕ್ಕೆ ಬರುವುದಿಲ್ಲ. ಟ್ರೆಹಲೋಸ್ ಥರದ ಸಕ್ಕರೆ ಸೇರಿಸಿ ಸುಧಾರಿಸಬಹುದು. ಮಾಡಲಾಗದ್ದೇನೂ ಅಲ್ಲ, ಆದರೆ ಇವನ್ನು ಪೇಪರ್ ಬರೆಯುವವರು ಬರೆಯುವುದಿಲ್ಲ.

ಕೋಳಿಡಾಕ್ಟರ್

ಪಶುವೈದ್ಯ ಇಲಾಖೆಯಲ್ಲಿದ್ದವನು, ಈಗ ನಿವೃತ್ತ. ನಿಮ್ಮ ಚರ್ಚೆ ಓದುತ್ತಾ ಒಂದು ಹೇಳಬೇಕು ಅನಿಸಿತು. ಮೂಗಿಗೆ ಲಸಿಕೆ ಅನ್ನುವುದು ನಮಗೆ ಹೊಸದಲ್ಲ. ಕೋಳಿಗಳ ರಾಣಿಖೇತ್ ರೋಗಕ್ಕೆ ಮರಿ ಹುಟ್ಟಿದ ಮೊದಲ ವಾರದಲ್ಲೇ ಕಣ್ಣಿಗೆ ಒಂದು ಹನಿ, ಮೂಗಿಗೆ ಒಂದು ಹನಿ ಹಾಕುತ್ತೇವೆ. ಹಳ್ಳಿಯ ಹೆಂಗಸರು ಸಾವಿರ ಮರಿಗೆ ಹಾಕಿ ಮುಗಿಸುವುದನ್ನು ನೋಡಿದ್ದೇನೆ. ಸಿರಿಂಜು ಬೇಡ, ಡಾಕ್ಟರು ಬೇಡ. ಅದೂ ಜೀವಂತ ವೈರಸ್ಸೇ, ಒಪ್ಪಿದೆ. ಆದರೆ ಒಳ್ಳೆಯ ಮೂಗಿನ ಲಸಿಕೆ ಸಿಕ್ಕರೆ ಹಂಚುವುದು ಎಷ್ಟು ಸುಲಭ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ಗಂಭೀರ ಮಾತು. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಸಿಕ್ಕಿತು. ಹಕ್ಕಿಜ್ವರ ಹಸುವಿನ ಕೆಚ್ಚಲಿಗೆ ಹೋಗುತ್ತದೆ ಅಂತ ನಮ್ಮ ಕಾಲದಲ್ಲಿ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕೋಳಿ ಫಾರಂನಲ್ಲಿ ಕೆಲಸ ಮಾಡುವವರಿಗೆ, ಸತ್ತ ಕೋಳಿ ಗುಂಡಿಗೆ ಹಾಕುವ ನಮ್ಮ ಹುಡುಗರಿಗೆ ಮೂಗಿನಲ್ಲೇ ತಡೆಯುವ ಲಸಿಕೆ ಬೇಕು. ಸೀಸನಲ್ ಫ್ಲೂಗಿಂತ ಮೊದಲು ಅದಕ್ಕೆ ಮಾಡಿ ಅಂತ ನನ್ನ ಒತ್ತಾಯ.

ಅಟ್ಲಾಂಟಾದಿಂದ ಅಣ್ಣಪ್ಪ

ಕೋಳಿಡಾಕ್ಟರ್ ಸರ್, ನೀವು ಕೇಳಿದ್ದರ ಮೇಲೆ ಮನುಷ್ಯರಲ್ಲೇ ಕೆಲಸ ನಡೆದಿದೆ. ಮಿಷಿಗನ್‌ನ ಬ್ಲೂವಿಲೋ ಅನ್ನುವ ಕಂಪನಿ ಸೋಯಾ ಎಣ್ಣೆಯನ್ನು ನೀರಿನಲ್ಲಿ ಅತಿ ಸಣ್ಣ ಹನಿಗಳಾಗಿ ಒಡೆದು ಒಂದು ನ್ಯಾನೋ ಎಮಲ್ಶನ್ ಮಾಡಿದೆ. ಜೇಮ್ಸ್ ಬೇಕರ್ ಅವರ ಲ್ಯಾಬಿನಿಂದ ಬಂದ ತಂತ್ರ. ಬ್ಯಾಕ್ಟೀರಿಯಾದ ವಿಷ ಇಲ್ಲ. ಅದರ ಜೊತೆ ಎಚ್5 ಪ್ರೋಟೀನು ಸೇರಿಸಿ ಮೂಗಿಗೆ ಹಾಕಿದ ಮೊದಲ ಹಂತದ ಟ್ರಯಲ್ ಮುಗಿದಿದೆ. ಮೂಗಿನ ಡೋಸ್ ಆದ ತಕ್ಷಣ ರಕ್ತದ ಸಾಂಪ್ರದಾಯಿಕ ಟೆಸ್ಟಿನಲ್ಲಿ ದೊಡ್ಡದೇನೂ ಕಾಣಲಿಲ್ಲ. ಆದರೆ ತಿಂಗಳುಗಳ ನಂತರ ಎಚ್5 ಇಂಜೆಕ್ಷನ್ ಕೊಟ್ಟಾಗ, ಎಮಲ್ಶನ್ ಸೇರಿದ ಲಸಿಕೆ ಪಡೆದವರ ದೇಹ ಮೊದಲೇ ಪರಿಚಯ ಇದ್ದ ಹಾಗೆ ಚುರುಕಾಗಿ ಎದ್ದಿತು.

ಇದರಲ್ಲೇ ಈ ಕ್ಷೇತ್ರದ ದೊಡ್ಡ ತಲೆನೋವೂ ಇದೆ. ಇಂಜೆಕ್ಷನ್ ಲಸಿಕೆಗೆ ಒಂದು ಅಳತೆಗೋಲು ಇದೆ: ರಕ್ತದಲ್ಲಿ ಎಚ್‌ಎಐ ಟೈಟರ್ (ಹೀಮಗ್ಲುಟಿನಿನ್ ತಡೆಯುವ ಪ್ರತಿಕಾಯದ ಅಳತೆ) 1:40 ಬಂದರೆ ಸುಮಾರು ಅರ್ಧದಷ್ಟು ರಕ್ಷಣೆ ಅಂತ ಲೆಕ್ಕ. ಪ್ರತಿ ವರ್ಷ ತಳಿ ಬದಲಿಸಿದಾಗ ಸಾವಿರಾರು ಜನರ ಟ್ರಯಲ್ ಮಾಡದೆ ಇಂಥ ಅಳತೆಯಲ್ಲೇ ಮುಂದೆ ಹೋಗಬಹುದು. ಮೂಗಿನ ಲಸಿಕೆಗೆ ಅಂಥ ಅಳತೆ ಇಲ್ಲ. ಫ್ಲೂಮಿಸ್ಟ್ ಹಾಕಿದ ಎಷ್ಟೋ ಮಕ್ಕಳ ರಕ್ತದಲ್ಲಿ ಎಚ್‌ಎಐ ಏರದೆಯೇ ರಕ್ಷಣೆ ಸಿಗುತ್ತದೆ. ಹಾಗಾದರೆ ಮೂಗಿನ ಐಜಿಎ ಅಳೆಯೋಣ ಅಂದರೆ, ಒಬ್ಬರು ಉಪ್ಪುನೀರು ಹಾಯಿಸಿ ತೆಗೆಯುತ್ತಾರೆ, ಇನ್ನೊಬ್ಬರು ಸ್ವಾಬ್, ಮತ್ತೊಬ್ಬರು ಹೀರುವ ಕಾಗದದ ಪಟ್ಟಿ. ಎಷ್ಟು ನೀರು ಬೆರೆಯಿತು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಒಂದು ಲ್ಯಾಬಿನ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಡುವುದೇ ಕಷ್ಟ.

ಅಳತೆ ಇಲ್ಲದಿದ್ದರೆ ಕಂಪನಿಗೆ ದಾರಿ ಒಂದೇ, ಸಾವಿರಾರು ಜನರಿಗೆ ಹಾಕಿ ಎಷ್ಟು ಜನರಿಗೆ ಫ್ಲೂ ಬಂತು ಅಂತ ಎಣಿಸುವುದು. ಅದಕ್ಕೆ ಬೇಕಾದ ದುಡ್ಡು ವಿಶ್ವವಿದ್ಯಾಲಯದ ಲ್ಯಾಬುಗಳ ಕೈಯಲ್ಲಿಲ್ಲ. ಇಲಿಯ ಪೇಪರ್ ಅಲ್ಲಿಗೇ ನಿಲ್ಲುವುದಕ್ಕೆ ನನ್ನ ಪ್ರಕಾರ ಇದೇ ಮೊದಲ ಕಾರಣ. ಲೋಳೆಗಿಂತ, ವಿಷಕ್ಕಿಂತ.

ಹಾಸನದ ಮೇಷ್ಟ್ರು

ನೀವೆಲ್ಲ ಅಮೆರಿಕ, ಸ್ವಿಟ್ಜರ್ಲೆಂಡ್ ಅಂತ ಹೇಳುತ್ತಿದ್ದೀರಿ. ನಮ್ಮಲ್ಲಿ ಯಾರೂ ಇದರ ಮೇಲೆ ಕೆಲಸ ಮಾಡುತ್ತಿಲ್ಲವೇ? ಕೋವಿಡ್‌ಗೆ ಮೂಗಿನ ಲಸಿಕೆ ಮಾಡಿದ್ದು ನಾವೇ ಅಲ್ವಾ?

ಮಕ್ಕಳಡಾಕ್ಟ್ರು ದಾವಣಗೆರೆ

ಹೌದು ಮೇಷ್ಟ್ರೇ, ಭಾರತ್ ಬಯೋಟೆಕ್‌ನ ಇನ್‌ಕೋವ್ಯಾಕ್. ಮೂಲ ತಂತ್ರ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು, 2022ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2023ರ ಗಣರಾಜ್ಯೋತ್ಸವದ ದಿನ ಬಿಡುಗಡೆ ಆಯಿತು. ಅದು ಅಡಿನೋವೈರಸ್ ಅನ್ನುವ ಬೇರೆ ವೈರಸ್ಸಿನ ಮೇಲೆ ಕಟ್ಟಿದ್ದು, ನ್ಯಾನೋ ಕಣ ಅಲ್ಲ. ಒಪ್ಪಿಗೆ ಕೊಟ್ಟಿದ್ದು ಪ್ರತಿಕಾಯದ ಅಂಕಿ ನೋಡಿ, ಕಾಯಿಲೆ ಎಷ್ಟು ತಡೆಯಿತು ಅಂತ ಎಣಿಸಿ ಅಲ್ಲ. ಅಷ್ಟು ಹೊತ್ತಿಗೆ ಬಹುತೇಕ ಎಲ್ಲರಿಗೂ ಇಂಜೆಕ್ಷನ್ ಆಗಿತ್ತು, ಹಾಕಿಸಿಕೊಳ್ಳಲು ಬಂದವರು ಕಮ್ಮಿ. ಆಕ್ಸ್‌ಫರ್ಡ್‌ನವರು ತಮ್ಮ ಕೋವಿಡ್ ಲಸಿಕೆಯನ್ನೇ ಮೂಗಿಗೆ ಸ್ಪ್ರೇ ಮಾಡಿ ನೋಡಿದರು, 2022ರಲ್ಲಿ ಫಲಿತಾಂಶ ಬಂತು, ಮೂಗಿನಲ್ಲಿ ಪ್ರತಿಕಾಯ ಬಂದಿದ್ದು ಕೆಲವರಿಗೆ ಮಾತ್ರ, ಅದೂ ದುರ್ಬಲ. ಇಂಜೆಕ್ಷನ್ನಿನಲ್ಲಿ ಗೆದ್ದಿದ್ದನ್ನು ಹಾಗೇ ಸ್ಪ್ರೇ ಬಾಟಲಿಗೆ ತುಂಬಿದರೆ ಆಗುವುದಿಲ್ಲ ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ತುಂಗೆದಂಡೆ

ಮೇಷ್ಟ್ರೇ, ಬೆಂಗಳೂರಲ್ಲೇ ಇದೆ ಒಂದು ಕೊಂಡಿ. ನಮ್ಮ ಐಐಎಸ್‌ಸಿಯಲ್ಲಿ ರಾಘವನ್ ವರದರಾಜನ್ ಅವರ ಲ್ಯಾಬ್ ಹೀಮಗ್ಲುಟಿನಿನ್ ಕಾಂಡವನ್ನು ತಲೆಯಿಂದ ಬೇರ್ಪಡಿಸಿಯೂ ಆಕಾರ ಕೆಡದಂತೆ ಮಾಡುವ ಕೆಲಸವನ್ನು 2010ರಿಂದಲೇ ಪ್ರಕಟಿಸುತ್ತಾ ಬಂದಿದೆ. ಮೇಲೆ ನಾನು ಹೇಳಿದ ಅತಿ ಕಷ್ಟದ ಭಾಗ ಅದೇ. 2014ರ ಅವರ ಕೆಲಸದಲ್ಲಿ ಅಂಥ ಕಾಂಡದ ತುಣುಕು ಇಲಿಗಳನ್ನು ಬೇರೆ ತಳಿಯ ಫ್ಲೂನಿಂದ ಉಳಿಸಿತ್ತು. ಅಲ್ಲಿಂದಲೇ ಮಿನ್‌ವ್ಯಾಕ್ಸ್ ಅನ್ನುವ ಕಂಪನಿ ಹುಟ್ಟಿ ಫ್ಲೂ ಲಸಿಕೆಯ ಮೇಲೆ ಕೆಲಸ ಮಾಡುತ್ತಿದೆ. ಅದು ಮೂಗಿನದಲ್ಲ. ಆದರೆ ಕಣದ ಮೇಲೆ ಕೂರಿಸಲು ಬೇಕಾದ ಪ್ರೋಟೀನು ಮಾಡುವ ಜ್ಞಾನ ನಮ್ಮೂರಲ್ಲೇ ಇದೆ, ಸ್ಪ್ರೇ ಪಂಪು ಮಾಡುವವರಿದ್ದಾರೆ, ಅಗ್ಗದಲ್ಲಿ ಕೋಟಿ ಡೋಸ್ ತುಂಬುವ ಫ್ಯಾಕ್ಟರಿಗಳು ಪುಣೆ, ಹೈದರಾಬಾದಿನಲ್ಲಿವೆ. ಇವರನ್ನು ಒಂದು ಮೇಜಿಗೆ ಕೂರಿಸುವವರು ಬೇಕು. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಇಲ್ಲದಿರುವುದರಿಂದ ಕಂಪನಿಗಳಿಗೂ ಮಾರುಕಟ್ಟೆ ಕಾಣುತ್ತಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ.

ಅಣ್ಣಪ್ಪನವರ ಎಚ್5 ಟ್ರಯಲ್ ಉದಾಹರಣೆ ನನಗೆ ಒಂದು ದಾರಿ ತೋರಿಸಿತು. ಮೂಗಿನ ಲಸಿಕೆ ಒಂದೇ ಎಲ್ಲ ಮಾಡಬೇಕು ಅನ್ನುವ ಹಟ ಬಿಡಬಹುದಲ್ಲ? ಇಂಜೆಕ್ಷನ್ ರಕ್ತವನ್ನು, ಶ್ವಾಸಕೋಶವನ್ನು ಕಾಯಲಿ, ಅದು ಚೆನ್ನಾಗಿ ಮಾಡುತ್ತಿದೆ. ಅದಾದ ಮೇಲೆ ಪ್ರಚೋದಕ ವಿಷ ಯಾವುದೂ ಇಲ್ಲದ, ಬರೀ ಪ್ರೋಟೀನಿನ ಕಣವನ್ನು ಮೂಗಿಗೆ ಬೂಸ್ಟರ್ ಆಗಿ ಕೊಟ್ಟರೆ? ದೇಹಕ್ಕೆ ಮೊದಲೇ ಪರಿಚಯ ಇರುವುದರಿಂದ ಗಟ್ಟಿ ಪ್ರಚೋದಕ ಬೇಕಾಗದೆ ಇರಬಹುದು. ಸ್ವಿಸ್ ಲಸಿಕೆಯಲ್ಲಿ ಕೆಟ್ಟಿದ್ದು ಅದೇ ತಾನೇ.

ಅಟ್ಲಾಂಟಾದಿಂದ ಅಣ್ಣಪ್ಪ

ಅದನ್ನು ಕೋವಿಡ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ಅವರ ತಂಡ ಇಲಿಗಳಲ್ಲಿ ತೋರಿಸಿದೆ. ಮೊದಲು ಎಂಆರ್‌ಎನ್‌ಎ ಇಂಜೆಕ್ಷನ್, ಆಮೇಲೆ ಪ್ರಚೋದಕ ಇಲ್ಲದ, ಕೋವಿಡ್ ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನು ಮೂಗಿಗೆ. ಮೂಗಿನಲ್ಲಿ ಐಜಿಎ ಬಂತು, ಟಿ ಕೋಶಗಳು ನೆಲೆಸಿದವು. ಹ್ಯಾಮ್‌ಸ್ಟರ್‌ಗಳಲ್ಲಿ ಹರಡುವುದೂ ಕಮ್ಮಿ ಆಯಿತು. ಫ್ಲೂ ವಿಷಯದಲ್ಲಿ ದೊಡ್ಡವರಿಗೆಲ್ಲ ಒಂದಲ್ಲ ಒಂದು ಸಲ ಫ್ಲೂ ಬಂದೇ ಇರುತ್ತದೆ, ಅಂದರೆ ಪರಿಚಯ ಮೊದಲೇ ಇದೆ. ಜೀವಂತ ವೈರಸ್ಸಿನ ಸ್ಪ್ರೇ ದೊಡ್ಡವರಲ್ಲಿ ಸರಿಯಾಗಿ ಹಿಡಿಯದಿರುವುದಕ್ಕೆ ಒಂದು ಕಾರಣ ಆ ಪರಿಚಯವೇ, ದೇಹ ಅದನ್ನು ಬೆಳೆಯಲು ಬಿಡುವುದಿಲ್ಲ. ಬೆಳೆಯುವ ಅಗತ್ಯವೇ ಇಲ್ಲದ ಕಣಕ್ಕೆ ಅದೇ ಪರಿಚಯ ಅನುಕೂಲ ಆಗಬಹುದು. ಈ ಟ್ರಯಲ್‌ಗೆ ನಾನೇ ತೋಳು, ಮೂಗು ಎರಡೂ ಕೊಡುತ್ತೇನೆ.

ಮಕ್ಕಳಡಾಕ್ಟ್ರು ದಾವಣಗೆರೆ

ದೊಡ್ಡವರಲ್ಲಿ ಮೊದಲು ಮಾಡಿ, ನಾನೂ ಒಪ್ಪುತ್ತೇನೆ. ಆದರೆ ಒಂದು ಷರತ್ತು. ಪ್ರತಿಯೊಬ್ಬರನ್ನೂ ಕನಿಷ್ಠ ಮೂರು ತಿಂಗಳು ಗಮನದಲ್ಲಿಡಬೇಕು, ಮುಖದ ನರದ ಪರೀಕ್ಷೆ ಪ್ರತಿ ಭೇಟಿಯಲ್ಲೂ ಆಗಬೇಕು. ಹುಬ್ಬು ಎತ್ತಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿಸಿ, ಹಲ್ಲು ತೋರಿಸಲು ಹೇಳಿದರೆ ಆಯಿತು, ಒಂದು ನಿಮಿಷದ ಕೆಲಸ. ಮತ್ತೆ ಸಂಖ್ಯೆ ನೂರರಲ್ಲಿ ನಿಲ್ಲಬಾರದು.

ರೂಪಾ ಎಸ್

ನಾನು ಎರಡು ಸಲ ಓದಿದೆ, ಬಹಳಷ್ಟು ಅರ್ಥ ಆಯಿತು. ಮಗನಿಗೆ ಈ ಮೇನಲ್ಲಿ ಇಂಜೆಕ್ಷನ್ ಹಾಕಿಸುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ ಡಾಕ್ಟ್ರೇ: ಹಾಕಿಸುವ ದಿನ ಇನ್ಹೇಲರ್ ನಿಲ್ಲಿಸಬೇಕಾ?

ಮಕ್ಕಳಡಾಕ್ಟ್ರು ದಾವಣಗೆರೆ

ಬೇಡ, ನಿಲ್ಲಿಸಬೇಡಿ. ಎಂದಿನಂತೆ ಕೊಡಿ. ಜೋರು ಜ್ವರ ಇದ್ದರೆ ಅಥವಾ ಉಬ್ಬಸ ಹೆಚ್ಚಾಗಿದ್ದರೆ ಮಾತ್ರ ಒಂದೆರಡು ವಾರ ಮುಂದೂಡಿ. ಎರಡನೇ ಡೋಸಿನ ತಾರೀಖು ಅವತ್ತೇ ಕಾರ್ಡಿನಲ್ಲಿ ಬರೆಸಿಕೊಳ್ಳಿ.